ತಾಳೆಯಾಗದ ಸಹಿ

ಹದಿನಾರನೇ ತಾರೀಖು, ಮಂಗಳವಾರ
ಆಸ್ಪತ್ರೆ ಲಾಂಡ್ರಿಯಲ್ಲಿ ಬಟ್ಟೆಗೆ ಗುರುತು ಹೊಲಿಯುವ ಕೋಣೆಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ಬೀಗದ ಅಂಗಡಿಯ ಯಜಮಾನರಿಗೆ,

ನಿಮ್ಮ ಪತ್ರ ತಲುಪಿತು. ಪತ್ರ ಅನ್ನುವುದು ದೊಡ್ಡ ಮಾತಾಯಿತು, ಇರುವುದು ನಾಲ್ಕೇ ಸಾಲು. ಮನೆ ಬಿಟ್ಟು ಎರಡೂಕಾಲು ವರ್ಷವಾದ ಮೇಲೆ ಹೆಂಡತಿಗೆ ಬರೆಯುತ್ತಿರುವ ಮೊದಲ ಕಾಗದ ಇದು ಅನ್ನುವ ನೆನಪಾದರೂ ನಿಮಗಿತ್ತೋ ಇಲ್ಲವೋ. ಹೇಗಿದ್ದೀಯ ಅಂತ ಇಲ್ಲ, ಮೊಣಕಾಲು ನೋವು ಏನಾಯಿತು ಅಂತ ಇಲ್ಲ. ಗಿರಾಕಿಗೆ ಬರೆಯುವ ಚೀಟಿಯಲ್ಲಾದರೆ ಬೀಗದ ಕ್ಷೇಮಸಮಾಚಾರ ಅರ್ಧ ಪುಟ ಬರೆಯುತ್ತೀರಿ. ನಾನು ಬೀಗವಾಗಿ ಹುಟ್ಟಬೇಕಿತ್ತು. ಅರ್ಧ ಗಂಟೆಯ ಟ್ರಾಮಿನ ದೂರಕ್ಕೆ ಅಂಚೆ ಚೀಟಿ ಅಂಟಿಸಿ ಕಳಿಸಿದ್ದೀರಲ್ಲ, ಅದಕ್ಕೂ ಒಂದು ನಮಸ್ಕಾರ.

ನೀವು ಬರೆದದ್ದನ್ನೇ ಇಲ್ಲಿ ತಿರುಗಿ ಬರೆಯುತ್ತೇನೆ, ಓದಿ ನೀವೇ ನಾಚಿಕೊಳ್ಳಿ. ವಿಮಾನ ಇಲಾಖೆಯವರು ಫಾರಂ ಎರಡು ಸಲ ವಾಪಸ್ ಕಳಿಸಿದ್ದಾರೆ, ತಂದೆಯ ಸಹಿ ಹಳೆಯ ಒಪ್ಪಿಗೆ ಪತ್ರದ ಸಹಿಗೆ ತಾಳೆಯಾಗುವುದಿಲ್ಲವಂತೆ. ಗುಮಾಸ್ತ ಹಳೆಯದನ್ನು ತೆಗೆದು ತೋರಿಸಿದ, ಅದರ ಕೊನೆಯಲ್ಲಿ ಒಂದು ಸುತ್ತು ಇದೆ. ಆ ಸುತ್ತು ನನಗೆ ಬರುವುದಿಲ್ಲ. ಹೊಸ ಫಾರಂ ಇಟ್ಟಿದ್ದೇನೆ, ಏನು ಮಾಡಬೇಕೋ ನೀನೇ ನೋಡು. ಇಷ್ಟು.

ಅಲ್ಲ, ಐವತ್ತೊಂದು ವರ್ಷದ ಮನುಷ್ಯ ತನ್ನ ಹೆಸರನ್ನು ತಾನೇ ಬರೆದು, ಇದು ನಿನ್ನದಲ್ಲ ಅಂತ ಅನ್ನಿಸಿಕೊಂಡು ಬರುವುದುಂಟೇ? ಅದೂ ಎರಡು ಸಲ! ಮೇಣದ ಅಚ್ಚು ನೋಡಿ ಎಂಥ ಬೀಗಕ್ಕೂ ಇನ್ನೊಂದು ಕೈ ಮಾಡಿಕೊಡುವವರು ನೀವು. ಒಂದು ಸುತ್ತು ಬರುವುದಿಲ್ಲವೇ? ಗುಮಾಸ್ತನ ಮುಂದೆಯೂ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದಿರಿ ಅಂತ ಕಾಣುತ್ತದೆ. ಊರಿನ ಬೀಗಗಳನ್ನೆಲ್ಲ ತೆಗೆಯುತ್ತೀರಿ, ಅದೊಂದನ್ನು ಬಿಟ್ಟು. ಸಾಲದ್ದಕ್ಕೆ ಈ ಫಾರಂನಲ್ಲಿ ನಿಮ್ಮ ಗೆರೆಯನ್ನೂ ಖಾಲಿ ಬಿಟ್ಟು ಕಳಿಸಿದ್ದೀರಿ. ಖಾಲಿ ಫಾರಂ ಇಟ್ಟುಕೊಂಡು ನಾನೇನು ಗಾಳಿ ಬೀಸಿಕೊಳ್ಳಲೇ?

ಫಾರಂ ಈಗ ನನ್ನ ಮುಂದೆಯೇ ಇದೆ, ಒಂದು ರಾಶಿ ದಿಂಬಿನ ಚೀಲಗಳ ಮೇಲೆ. ಮಗ ವಿಮಾನ ಸಮೇತ ಕಾಣೆಯಾಗಿ ಹದಿನಾಲ್ಕು ತಿಂಗಳು ಕಳೆದಿರುವುದರಿಂದ, ಕೆಳಗೆ ಸಹಿ ಮಾಡಿರುವ ನಾವು ಆತನನ್ನು ಮೃತನೆಂದು ಭಾವಿಸಲು ಒಪ್ಪುತ್ತೇವೆ ಅಂತ ಅದರಲ್ಲಿ ಅಚ್ಚಾಗಿದೆ. ಕೆಳಗೆ ಎರಡು ಗೆರೆ, ತಂದೆಗೊಂದು, ತಾಯಿಗೊಂದು. ಎರಡೂ ಸಹಿ ಇದ್ದರೆ ಅವನ ಪೆಟ್ಟಿಗೆ ನಮ್ಮ ಕೈಗೆ ಕೊಡುತ್ತಾರೆ. ಇಲ್ಲದಿದ್ದರೆ ಈ ತಿಂಗಳ ಕೊನೆಯ ದಿನ ಬೀಗ ಒಡೆದು ಒಳಗಿರುವುದನ್ನು ವಿಲೇವಾರಿ ಮಾಡುತ್ತಾರಂತೆ. ವಿಲೇವಾರಿ! ನಮ್ಮಲ್ಲಿ ಹರಿದ ಹಾಸಿಗೆ ಬಟ್ಟೆಗೆ ಹೇಳುವ ಮಾತು ಅದು.

ನನಗೂ ಬರೆದಿದ್ದರು, ನಾನು ಹೋಗಿಯೂ ಬಂದೆ. ಮೂರನೇ ಕಿಟಕಿ, ಅಲ್ಲಿಂದ ಏಳನೇ ಕಿಟಕಿ, ಏಳರವನು ಊಟಕ್ಕೆ ಹೋಗಿದ್ದ, ತಿರುಗಿ ಮೂರನೇದಕ್ಕೆ. ಸಹಿ ಹಾಕುವುದಿಲ್ಲ ಅಂದೆ. ಆಸ್ಪತ್ರೆಯ ಒಂದು ದಿಂಬಿನ ಚೀಲ ಕಾಣೆಯಾದರೆ ನಾವು ಮೂರು ದಿನ ಹುಡುಕುತ್ತೇವೆ, ನೀವು ಮನುಷ್ಯನನ್ನು ಎಷ್ಟು ದಿನ ಹುಡುಕಿದಿರಿ ಅಂತ ಕೇಳಿದೆ. ಅವನು ಅದು ಬೇರೆ ವಿಭಾಗ ಅಂದ. ತಲೆ ಚಿಟ್ಟು ಹಿಡಿದು ಮನೆಗೆ ಬಂದೆ. ಅದು ಮೂರು ತಿಂಗಳ ಹಿಂದೆ.

ಗಂಟೆ ಹೊಡೆಯಿತು. ಶಸ್ತ್ರಚಿಕಿತ್ಸೆಯ ವಾರ್ಡಿನ ಇನ್ನೂರು ಬಟ್ಟೆ ಬಾಕಿ ಇದೆ. ಮಿಕ್ಕದ್ದು ಮನೆಗೆ ಹೋಗಿ ಬರೆಯುತ್ತೇನೆ.

ಮನೆ, ಸಂಜೆ ಆರು ಗಂಟೆ

ಕೆಂಪು ದಾರ ಮುಗಿದು ಅರ್ಧ ಗಂಟೆ ಮೊದಲೇ ಬಿಟ್ಟರು. ನಿಮ್ಮ ಅಕ್ಕ ಕೆಳಗಿನ ಮನೆಯ ಬಾಗಿಲಲ್ಲೇ ನಿಂತಿದ್ದರು, ತಮ್ಮ ಕಾಗದ ಬರೆದಿದ್ದಾನಂತೆ ಹೌದಾ ಅಂತ ಕೇಳಿದರು. ಅವರ ಮೂಗಿಗೆ ಅಂಚೆ ಇಲಾಖೆಯಲ್ಲಿ ಕೆಲಸ ಕೊಡಬೇಕು. ಹೂಂ ಅಂದು ಮೇಲೆ ಬಂದುಬಿಟ್ಟೆ.

ಮೆಟ್ಟಿಲು ಹತ್ತುವಾಗ ಬೇಕರಿಯವನ ಮಗ ಸಿಳ್ಳೆ ಹಾಕಿಕೊಂಡು ಇಳಿಯುತ್ತಿದ್ದ. ಕಾಲಾಳು ಪಡೆಗೆ ಹೋದವನು, ನಮ್ಮ ಕಡ್ಡಿಗಿಂತ ಎರಡು ತಿಂಗಳಿಗೆ ದೊಡ್ಡವನು. ಕೈ ಕಾಲು ಕಣ್ಣು ಎಲ್ಲ ಇಟ್ಟುಕೊಂಡು ರಜೆಗೆ ಬಂದಿದ್ದಾನೆ. ದೇವರೇ, ಅವನು ಚೆನ್ನಾಗಿರಲಿ. ಆದರೆ ಆ ಸಿಳ್ಳೆ ಕೇಳಿ ನನಗೆ ಹೊಟ್ಟೆ ಉರಿಯಿತು ಅಂತ ನಿಮ್ಮ ಹತ್ತಿರವಲ್ಲದೆ ಇನ್ನು ಯಾರ ಹತ್ತಿರ ಹೇಳಲಿ.

ಕಡ್ಡಿ. ನೀವೇ ಇಟ್ಟ ಹೆಸರು. ಹುಟ್ಟಿದಾಗ ಅಂಗೈಯಲ್ಲಿ ಎತ್ತಿಕೊಂಡು, ಇದೇನೇ ಕಡ್ಡಿ ಹೆತ್ತಿದ್ದೀಯ, ಗೀರಿದರೆ ಹತ್ತಿಕೊಳ್ಳುತ್ತೆ ಅಂದಿರಿ. ನಿಮ್ಮ ಬಾಯಿಂದ ಬಂದ ತಮಾಷೆ ಅದೊಂದೇ ಇರಬೇಕು. ಆರು ವರ್ಷಕ್ಕೆ ನಿಮ್ಮ ಮೇಜಿನ ಕೆಳಗೆ ಕೂತು ಬೀಗಗಳನ್ನು ಕಿವಿಗೆ ಇಟ್ಟುಕೊಂಡು ಅಲ್ಲಾಡಿಸುತ್ತಿದ್ದ. ಎಂಟಕ್ಕೆ ಬರೀ ಸದ್ದು ಕೇಳಿ ಒಳಗೆ ಎಷ್ಟು ಸ್ಪ್ರಿಂಗ್ ಇದೆ ಅಂತ ಹೇಳುತ್ತಿದ್ದ. ನಿಮ್ಮ ಅಕ್ಕನ ಕಪಾಟನ್ನು ಹೇರ್‌ಪಿನ್ನಿನಲ್ಲಿ ತೆಗೆದು, ಒಳಗೆ ಏನನ್ನೂ ಮುಟ್ಟದೆ, ಬೀಗದ ಕೈಯನ್ನು ಒಳಗಿಟ್ಟು ತಿರುಗಿ ಬೀಗ ಹಾಕಿದ್ದನಲ್ಲ! ಅವರು ನಾಲ್ಕು ದಿನ ಹುಡುಕಿ ನಿಮ್ಮನ್ನೇ ಕರೆಸಿದರು. ನೀವು ತೆಗೆದು ಕೊಟ್ಟು, ಅವನ ಮುಖ ನೋಡಿ, ಅಂಗಡಿಗೆ ಹೋದಿರಿ. ಆಮೇಲೆ ಅಂಗಡಿಯ ಹಿಂದೆ ಒಬ್ಬರೇ ನಗುತ್ತಿದ್ದಿರಂತೆ, ಅವನು ಹೇಳಿದ. ನನಗೆ ಆ ನಗು ಯಾಕೆ ಕಾಣಿಸಲಿಲ್ಲ ಅಂತ ಆಗಲೂ ಸಿಟ್ಟು ಬಂದಿತ್ತು.

ವಿಮಾನದಲ್ಲೂ ಕಿವಿಯ ಕೆಲಸವೇ ಸಿಕ್ಕಿತು ಅವನಿಗೆ. ಬಾಂಬು ಹಾಕುವ ವಿಮಾನದಲ್ಲಿ ಐದು ಜನ, ಅವರಲ್ಲಿ ವೈರ್‌ಲೆಸ್‌ನವನು ಇವನು. ಮೊದಲ ರಜೆಗೆ ಬಂದಾಗ ಊಟದ ತಟ್ಟೆಗೆ ಚಮಚದಲ್ಲಿ ಟಕ್ ಟಕ್ ಟಕಟಕ ಅಂತ ಬಡಿದು, ಇದರ ಅರ್ಥ ಇನ್ನೊಂದು ಸ್ವಲ್ಪ ಬಡಿಸು ಅಂತ, ಇದರಲ್ಲಿ ಸಾಕು ಅಂತ ಹೇಳುವ ಸಂಕೇತವೇ ಇಲ್ಲ ಅಂದ. ಅವನ ಗುಂಪಿನವರು ಅವನನ್ನು ಕಿವಿ ಅಂತಲೇ ಕರೆಯುತ್ತಿದ್ದರು. ನಡೆಸುವವನು ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದನಂತೆ, ಅವನಿಗೆ ಮೇಷ್ಟ್ರು ಅಂತ ಹೆಸರು. ಹಿಂದಿನ ತುದಿಯಲ್ಲಿ ಬಂದೂಕು ಹಿಡಿದು ಕೂರುವವನಿಗೆ ಬಾಲ ಅಂತ. ನೀವು ಅವನನ್ನು ಆ ರಜೆಯಲ್ಲಿ ನೋಡಿದ್ದು ಅಂಗಡಿಯಲ್ಲಿ. ಮನೆಗೆ ಬನ್ನಿ ಅಂತ ನಾನು ನಿಮ್ಮನ್ನು ಕರೆಯಲಿಲ್ಲ, ಬರುತ್ತೇನೆ ಅಂತ ನೀವೂ ಅನ್ನಲಿಲ್ಲ. ನಡುವೆ ಅವನು ಟ್ರಾಮಿನಲ್ಲಿ ಓಡಾಡಿದ.

ಈಗ ಒಪ್ಪಿಗೆ ಪತ್ರದ ವಿಷಯ. ಬೇಡವೆಂದರೂ ಅಲ್ಲಿಗೇ ಬಂದು ನಿಲ್ಲುತ್ತದೆ ಎಲ್ಲ.

ಅವನಿಗೆ ಆಗ ಹದಿನೇಳು ವರ್ಷ ಒಂಬತ್ತು ತಿಂಗಳು. ಹದಿನೆಂಟು ತುಂಬಿದ ಮರುದಿನವೇ ಕಾಲಾಳು ಪಡೆಯ ಕರೆ ಬರುತ್ತದೆ, ಅದಕ್ಕೆ ಅಪ್ಪ ಅಮ್ಮ ಯಾರ ಅಪ್ಪಣೆಯೂ ಬೇಕಿಲ್ಲ. ಅದಕ್ಕೆ ಮೊದಲೇ ತಾನಾಗಿ ವಿಮಾನದ ಪಡೆಗೆ ಸೇರಿದರೆ ತೆಗೆದುಕೊಳ್ಳುತ್ತಾರೆ, ಆದರೆ ತಂದೆಯ ಸಹಿ ಬೇಕು. ಸೋಮವಾರ ಊಟದ ಹೊತ್ತಿಗೆ ಕಾಗದ ತಂದು ನಿಮ್ಮ ಮುಂದೆ ಇಟ್ಟ. ಬೇಡ ಅಂದಿರಿ. ಅವನು ಹತ್ತು ಕಾರಣ ಹೇಳಿದ, ನೀವು ಹತ್ತು ಸಲ ಬೇಡ ಅಂದಿರಿ. ಮೂರು ತಿಂಗಳಿದೆ, ಅಷ್ಟರಲ್ಲಿ ಯುದ್ಧ ನಿಲ್ಲಬಹುದು ಅಂದಿರಿ. ಎಂಥ ಮಾತು! ಇವತ್ತಿಗೂ ದೀಪದ ಬೆಳಕು ಹೊರಗೆ ಕಾಣದ ಹಾಗೆ ನಮ್ಮ ಕಿಟಕಿಗೆ ಕಪ್ಪು ಕಾಗದ ಇದೆ. ನೀವು ಹೇಳಿದ ಮೂರು ತಿಂಗಳು ಒಂಬತ್ತು ಸಲ ಆಯಿತು.

ಸುಳ್ಳು ಯಾಕೆ ಹೇಳಲಿ, ಅವನ ಮಾತು ನನಗೆ ಹಿಡಿಸಿತ್ತು. ಹಿಂದಿನ ಯುದ್ಧದಲ್ಲಿ ನನ್ನ ತಮ್ಮ ಹೇಗೆ ಹೋದ ಅಂತ ನಿಮಗೆ ಗೊತ್ತು. ಗುಂಡು ತಾಗಿ ಅಲ್ಲ. ಮೊಣಕಾಲು ಮಟ್ಟದ ಕೆಸರಿನಲ್ಲಿ ಹನ್ನೊಂದು ದಿನ ನಿಂತು, ಪಾದ ಕೊಳೆತು, ಆ ವಿಷ ಮೇಲಕ್ಕೇರಿ. ಅವನ ಬೂಟನ್ನು ಕತ್ತರಿಸಿ ತೆಗೆದರಂತೆ. ವಿಮಾನದವರಾದರೆ ಕೆಲಸ ಮುಗಿಸಿ ಬಂದು ಒಣಗಿದ ಹಾಸಿಗೆಯ ಮೇಲೆ, ಬಿಳಿ ಬಟ್ಟೆಯ ಮೇಲೆ ಮಲಗುತ್ತಾರೆ ಅಂತ ಕಡ್ಡಿ ಹೇಳಿದ. ಬಿಳಿ ಬಟ್ಟೆ ಅಂದ ಕೂಡಲೇ ನನಗೆ ಅರ್ಧ ಸಮಾಧಾನವಾಯಿತು. ದಿನವೆಲ್ಲ ಬಿಳಿ ಬಟ್ಟೆಗೆ ಗುರುತು ಹೊಲಿಯುವವಳ ಬುದ್ಧಿ ಇನ್ನೆಷ್ಟಿರುತ್ತದೆ. ಮೇಲೆ ಕೆಸರಿಲ್ಲ ಅಂತ ಯೋಚಿಸಿದೆ. ಮೇಲೆ ನೆಲವೂ ಇಲ್ಲ ಅಂತ ಹೊಳೆಯಲಿಲ್ಲ.

ಶನಿವಾರ ಇಲಾಖೆಯಿಂದ ಒಪ್ಪಿಗೆ ಪತ್ರದ ಪ್ರತಿ ಮನೆಗೆ ಬಂತು, ಹುಡುಗನನ್ನು ತೆಗೆದುಕೊಂಡಿದ್ದೇವೆ, ಬುಧವಾರದ ರೈಲಿಗೆ ಬರಲಿ ಅಂತ. ತಂದೆ ಅನ್ನುವ ಗೆರೆಯ ಮೇಲೆ ಸಹಿ ಇತ್ತು. ನಿಮ್ಮ ಅಕ್ಕ ಇಲ್ಲೇ, ಈ ಕುರ್ಚಿಯಲ್ಲೇ ಕೂತಿದ್ದರು. ಹೆತ್ತ ಮಗನನ್ನ ಕೈಯಾರೆ ಕಳಿಸಿಬಿಟ್ಟೆಯಲ್ಲೋ, ನಿನ್ನ ಕೈ ಹೇಗೆ ಬಂತೋ ಅಂತ ಎದೆ ಬಡಿದುಕೊಂಡರು. ನಾನೂ ಕೇಳಿದೆ, ಹೇಗೆ ಬಂತು ಅಂತ. ನೀವು ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಕಾಗದವನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದಿರಿ. ಬಹಳ ಹೊತ್ತು ನೋಡಿದಿರಿ. ಮಡಿಸಿ ನನ್ನ ಕೈಗೆ ಕೊಟ್ಟಿರಿ. ಅಷ್ಟೇ. ಗೋಡೆಗೆ ಹೇಳಿದ್ದರೆ ಪ್ರತಿಧ್ವನಿಯಾದರೂ ಬರುತ್ತಿತ್ತು. ಭಾನುವಾರ ಸಾಮಾನಿನ ಪೆಟ್ಟಿಗೆ ಹೊತ್ತುಕೊಂಡು ಅಂಗಡಿಯ ಹಿಂದಿನ ಕೋಣೆಗೆ ಹೋದವರು ಮತ್ತೆ ಈ ಮನೆಯೊಳಗೆ ಕಾಲಿಡಲಿಲ್ಲ. ಯಾರು ಸಹಿ ಹಾಕಿದ್ದು ಅಂತ ಇಡೀ ಬೀದಿಗೆ ಗೊತ್ತಾಯಿತು. ನಿಮ್ಮ ಅಕ್ಕ ಇರುವಾಗ ಡಂಗುರ ಬೇಕೇ.

ಬುಧವಾರ ಪ್ಲಾಟ್‌ಫಾರಂಗೆ ಬಂದಿದ್ದಿರಿ. ಅವನ ಮರದ ಪೆಟ್ಟಿಗೆಗೆ ನೀವೇ ಮಾಡಿದ ಹಿತ್ತಾಳೆಯ ಬೀಗ ಹಾಕಿ, ಒಂದೇ ಕೈ ಮಾಡಿದ್ದೇನೆ, ಜೋಪಾನ ಅಂದಿರಿ. ಅವನು ನಿಮ್ಮ ಎರಡೂ ಕೈ ಹಿಡಿದುಕೊಂಡು, ಅಪ್ಪ, ಕೊನೆಗೂ ಒಪ್ಪಿದೆಯಲ್ಲ, ಮರೆಯೋದಿಲ್ಲ ಅಂದ. ನೀವು ಹೋಗಿ ಬಾ ಅಂದಿರಿ. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತು ರೈಲಿನ ಚಕ್ರ ನೋಡುತ್ತಿದ್ದೆ.

ತಂತಿ ಬಂದ ದಿನವನ್ನೂ ಬರೆದುಬಿಡುತ್ತೇನೆ. ತಂದೆಯ ವಿಳಾಸಕ್ಕೆ ಅಂತ ಅದು ಅಂಗಡಿಗೆ ಬಂದಿತ್ತು. ನೀವು ಅದನ್ನು ಹಿಡಿದು ಬಂದು ಬಾಗಿಲು ತಟ್ಟಿದಿರಿ. ಕಾಣೆಯಾಗಿದ್ದಾನಂತೆ ಅಂದಿರಿ. ಸಹಿ ಹಾಕಿದವರೇ ಓದಿಕೊಳ್ಳಲಿ ಅಂತ ಹೇಳಿ ನಾನು ಬಾಗಿಲು ಹಾಕಿದೆ. ಸಂಜೆಯವರೆಗೆ ನೀವು ಮೆಟ್ಟಿಲ ಮೇಲೆ ಕೂತಿದ್ದಿರಿ. ನಾನು ಒಳಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ನಿಮ್ಮ ಕೆಮ್ಮು ಕೇಳುತ್ತಿತ್ತು. ತೆಗೆಯಬಹುದಿತ್ತು, ತೆಗೆಯಲಿಲ್ಲ.

ಇನ್ನೊಂದು ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದೇನೆ. ಆರು ವಾರದ ಹಿಂದೆ ಕಡ್ಡಿಯ ವಿಮಾನದ ಆ ಬಾಲ ಬಂದಿದ್ದ.

ಲಾಂಡ್ರಿಗೇ ಬಂದ, ಕಂಕುಳಲ್ಲಿ ಊರುಗೋಲು. ಒಂದು ವರ್ಷ ಆಸ್ಪತ್ರೆಯಲ್ಲಿದ್ದನಂತೆ, ನಡೆಯಲು ಬಂದ ಮೇಲೆ ಮೊದಲು ಬಂದದ್ದು ಇಲ್ಲಿಗಂತೆ. ಬಾಯ್ಲರ್ ಸದ್ದಿನಲ್ಲಿ ಏನೂ ಕೇಳುತ್ತಿರಲಿಲ್ಲ, ಹೊರಗೆ ಬಟ್ಟೆ ಒಣಹಾಕುವ ಅಂಗಳಕ್ಕೆ ಕರೆದುಕೊಂಡು ಹೋದೆ. ಇಪ್ಪತ್ತೆರಡು ವರ್ಷ ಇರಬಹುದು. ಜೇಬಿನಿಂದ ಒಂದು ಕರವಸ್ತ್ರ ತೆಗೆದು ನನ್ನ ಕೈಗಿಟ್ಟ. ನಾನು ಹೊಲಿದ ಗುರುತು, ಕೆಂಪು ದಾರ, ಕೊನೆಯಲ್ಲಿ ದಾರ ಬಿಚ್ಚಿಕೊಳ್ಳದಂತೆ ಹಿಂದಕ್ಕೆ ಹಾಕುವ ಸಣ್ಣ ಸುತ್ತು. ನನ್ನದೇ. ಅದನ್ನು ಕೊಟ್ಟು ಆ ಹುಡುಗ ಅಳಲು ಶುರು ಮಾಡಿದ.

ಅವನು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಬಾಂಬು ಹಾಕಿ ತಿರುಗಿ ಬರುವಾಗ ಒಂದು ಎಂಜಿನ್‌ಗೆ ಏಟು ಬಿದ್ದಿತ್ತು, ಸಮುದ್ರದ ಮೇಲೆ ಬರುವ ಹೊತ್ತಿಗೆ ಇನ್ನೊಂದೂ ನಿಲ್ಲುತ್ತಾ ಬಂತು. ಬೆಳಕು ಹರಿಯುತ್ತಿತ್ತು. ಮೇಷ್ಟ್ರು ಎಲ್ಲರೂ ಹಾರಿ ಅಂದ. ಹಾರುವ ಮೊದಲು ವೈರ್‌ಲೆಸ್‌ನವನು ತನ್ನ ಯಂತ್ರದ ಗುಂಡಿಯನ್ನು ಒತ್ತಿಟ್ಟು ಬರಬೇಕು, ಅದು ಒಂದೇ ಸಮನೆ ಕೂಗುತ್ತಾ ಇದ್ದರೆ ದಡದವರು ಆ ಕೂಗಿನ ದಿಕ್ಕು ಹಿಡಿದು ದೋಣಿ ಕಳಿಸುತ್ತಾರೆ. ಒತ್ತಿಡಲು ಒಂದು ಕ್ಲಿಪ್ಪು ಇರುತ್ತದೆ. ಅದರ ಸ್ಪ್ರಿಂಗ್ ಹತ್ತು ದಿನದ ಹಿಂದೆ ಮುರಿದಿತ್ತು. ಹೊಸದು ಕೊಡಿ ಅಂತ ಕಡ್ಡಿ ಬರೆದುಕೊಟ್ಟಿದ್ದ. ಉಗ್ರಾಣದವರು ಹಳೆಯದನ್ನು ಮೊದಲು ವಾಪಸ್ ಕೊಡು, ಆಮೇಲೆ ವಾರದಲ್ಲಿ ಹೊಸದು ಅಂದರು. ಹಳೆಯದನ್ನು ಕೊಟ್ಟರೆ ಕ್ಲಿಪ್ಪೇ ಇಲ್ಲದ ವಿಮಾನ, ಅದು ಹಾರುವಂತಿಲ್ಲ. ಹೀಗೆ ಹತ್ತು ದಿನ. ಅಷ್ಟು ದಿನವೂ ಅವನು ಗುಂಡಿಯನ್ನು ಈ ಕರವಸ್ತ್ರದಲ್ಲೇ ಬಿಗಿದು ಕಟ್ಟಿ ಪರೀಕ್ಷೆ ಮಾಡುತ್ತಿದ್ದ. ಬೀಗದವನ ಮಗ, ಇಷ್ಟು ಬರೋದಿಲ್ವಾ ಅಂತ ನಗುತ್ತಿದ್ದನಂತೆ.

ಆ ದಿನ ಬಾಲನಿಗೆ ನೆಗಡಿ. ಹಿಂದಿನ ತುದಿಯಲ್ಲಿ ಎಷ್ಟು ಚಳಿಯೆಂದರೆ ಮೂಗಿನ ನೀರು ಮುಖದ ಮೇಲೇ ಹೆಪ್ಪುಗಟ್ಟುತ್ತದಂತೆ. ಹತ್ತುವಾಗ ಕಡ್ಡಿ ತನ್ನ ಕರವಸ್ತ್ರ ಅವನಿಗೆ ಕೊಟ್ಟ. ಇಳಿದ ಮೇಲೆ ಒಗೆದು ಕೊಡು, ನಮ್ಮಮ್ಮ ಲಾಂಡ್ರಿಯವಳು, ಕೊಳೆ ಇದ್ದರೆ ಬಯ್ತಾಳೆ ಅಂದನಂತೆ.

ಹಾರುವ ಹೊತ್ತಿಗೆ ಅವನು ನೀವು ನಡೀರಿ, ಇದನ್ನು ಕಟ್ಟಿ ಬಂದೆ ಅಂದ. ಬಾಲ ಹಾರಿದ. ಮೇಲೆ ನೋಡಿ ಪ್ಯಾರಾಶೂಟಿನ ನಾಲ್ಕು ಕೊಡೆ ಎಣಿಸಿದ, ತನ್ನದೂ ಸೇರಿ. ಐದನೆಯದು ಬರಲಿಲ್ಲ. ದಡದಲ್ಲಿ ಕೇಳುತ್ತಿದ್ದ ಹುಡುಗಿ ಆಮೇಲೆ ಹೇಳಿದಳಂತೆ, ಕೂಗು ನಾಲ್ಕು ನಿಮಿಷ ಬಂತು, ನಡುನಡುವೆ ಸ್ವಲ್ಪ ಅಲುಗುತ್ತಿತ್ತು ಅಂತ. ಕಟ್ಟಿದ ಗುಂಡಿ ಅಲುಗುವುದಿಲ್ಲ. ಬೆರಳು ಅಲುಗುತ್ತದೆ. ಆ ಕೂಗು ಹಿಡಿದೇ ದೋಣಿ ಬಂದದ್ದು, ನಾಲ್ಕೂ ಜನ ಉಳಿದದ್ದು.

ನನಗೆ ಎಷ್ಟು ಸಿಟ್ಟು ಬಂತು ಗೊತ್ತೇ. ಲೇಸಿನಲ್ಲಿ ಕಟ್ಟಬಹುದಿತ್ತಲ್ಲ ಅಂದೆ. ಹಾರುವವರ ಬೂಟಿಗೆ ಲೇಸಿಲ್ಲವಂತೆ. ಬೆಲ್ಟು ಇರಲಿಲ್ಲವೇ ಅಂದೆ. ಅದು ಪ್ಯಾರಾಶೂಟಿನ ಪಟ್ಟಿಗಳ ಒಳಗಡೆ, ತೆಗೆಯಲು ಸಮಯ ಇರಲಿಲ್ಲವಂತೆ. ಅಂಗಿ ಹರಿಯಬಹುದಿತ್ತಲ್ಲ ಅಂದೆ, ನಾನು ಇನ್ನೊಂದು ಹೊಲಿದುಕೊಡುತ್ತಿದ್ದೆನಲ್ಲ ಅಂದೆ. ಬಾಲ ತಲೆ ತಗ್ಗಿಸಿ ನಿಂತ, ನನ್ನ ನೆಗಡಿಯಿಂದ ಹೋದ ಅಂದ. ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಬಿಸಿ ಟೀ ತಂದುಕೊಟ್ಟೆ. ಆಮೇಲೆ ಅದೇ ಕರವಸ್ತ್ರದಲ್ಲಿ ನಾನು ಮೂಗು ಒರೆಸಿಕೊಂಡೆ, ಇಟ್ಟುಕೊಂಡು ಪೂಜೆ ಮಾಡುವ ವಸ್ತು ಅದು, ಏನು ಮಾಡಲಿ, ಬೇರೆ ಬಟ್ಟೆ ಕೈಗೆ ಸಿಗಲಿಲ್ಲ.

ಹತ್ತೊಂಬತ್ತಕ್ಕೆ ಎರಡು ತಿಂಗಳು ಕಡಿಮೆ ಇತ್ತು ಅವನಿಗೆ. ಆರು ವಾರದಿಂದ ನನಗೆ ಗೊತ್ತು, ಅವನು ಕಾಣೆಯಾಗಿಲ್ಲ, ಅವನು ಇನ್ನಿಲ್ಲ. ನಿಮಗೆ ಹೇಳಲಿಲ್ಲ. ಗೊತ್ತಿಲ್ಲದಿರುವವರು ಒಬ್ಬರಾದರೂ ಇರಲಿ, ಅಲ್ಲಿಯವರೆಗೆ ಅವನು ಎಲ್ಲೋ ಇರುತ್ತಾನೆ ಅಂತ ಹುಚ್ಚು ಯೋಚನೆ.

ಬಾಲ ಹೋಗುವಾಗ ಇನ್ನೊಂದು ಮಾತು ಹೇಳಿದ. ಆ ಪೆಟ್ಟಿಗೆಯ ತುಂಬ ನಿಮ್ಮ ಕಾಗದಗಳಂತೆ! ವಾರಕ್ಕೊಂದು, ಒಂದೊಂದೂ ನಾಲ್ಕು ನಾಲ್ಕು ಪುಟ. ಕಡ್ಡಿ ಅದನ್ನು ಓದಿ ಹೇಳುತ್ತಿದ್ದರೆ ಐದೂ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರಂತೆ. ಟ್ರಾಮಿನ ಕಂಡಕ್ಟರ್ ಬಗ್ಗೆ, ಬೀಗದ ಕೈ ನುಂಗಿದ ಮಗುವಿನ ಬಗ್ಗೆ, ನಿಮ್ಮ ಅಕ್ಕನ ಮೂಗಿನ ಬಗ್ಗೆ. ನಿಮ್ಮ ಮನೆಯವರು ತುಂಬಾ ಮಾತಿನವರು ಅಲ್ವಾ ಅಂತ ಆ ಹುಡುಗ ನನ್ನನ್ನೇ ಕೇಳಿದ. ಹೌದು ಅಂದೆ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ನಾಲ್ಕು ಸಾಲು, ಅವರಿಗೆ ನಾಲ್ಕು ಪುಟ. ಅವತ್ತು ನನಗೆ ಮಗ ಹೋದದ್ದಕ್ಕೆ ಬಂದ ಅಳುವಿನ ಜೊತೆ ಇದಕ್ಕೂ ಅಳು ಬಂತು. ಯಾವುದಕ್ಕೆ ಎಷ್ಟು ಅಂತ ಬೇರೆ ಮಾಡಿ ಹೇಳಲಾರೆ.

ಆ ಕಾಗದಗಳನ್ನು ಅವರು ಬೀಗ ಒಡೆದು ವಿಲೇವಾರಿ ಮಾಡುವುದು ನನಗೆ ಬೇಡ. ನಾನು ಅವನ್ನು ಓದಬೇಕು. ಅವನು ಮುಟ್ಟಿದ್ದನ್ನು ಮುಟ್ಟಬೇಕು. ಅದಕ್ಕೆ ಅವನು ಸತ್ತ ಅಂತ ಬರೆದು ಕೊಡಬೇಕೆಂದರೆ ಕೊಡುತ್ತೇನೆ. ತಾಯಿ ಅನ್ನುವ ಗೆರೆಯ ಮೇಲಿನ ಒಕ್ಕಣೆಯಲ್ಲಿ 'ಭಾವಿಸಲು' ಅನ್ನುವ ಮಾತನ್ನು ಹೊಡೆದುಹಾಕಬೇಕು ಅಂತಿದ್ದೆ, ಹಾಗೆ ಮಾಡಿದರೆ ಇಲಾಖೆಯವರು ಮೂರನೇ ಸಲ ವಾಪಸ್ ಕಳಿಸುತ್ತಾರೆ. ಹಾಗೇ ಬಿಟ್ಟು ಸಹಿ ಹಾಕಿದ್ದೇನೆ. ಫಾರಂ ಇದರ ಜೊತೆಯಲ್ಲೇ ಇದೆ.

ನಿಮ್ಮ ಕೆಮ್ಮಿಗೆ ಏನಾದರೂ ಔಷಧಿ ತೆಗೆದುಕೊಳ್ಳಿ. ಅಂಗಡಿಯ ಹಿಂದಿನ ಕೋಣೆಗೆ ಬಿಸಿಲು ಬರುವುದಿಲ್ಲ ಅಂತ ನನಗೆ ಗೊತ್ತು.

ಇಂತಿ,
ಬಾಗಿಲು ಹಾಕಿಕೊಂಡು ಕೂತಿದ್ದವಳು,
ಕಡ್ಡಿಯ ಅಮ್ಮ

ಮತ್ತೆ: ಮರೆತಿದ್ದೆ ಅಂತ ಬರೆದರೆ ಅದೂ ಒಂದು ಸುಳ್ಳಾಗುತ್ತದೆ. ಮರೆತಿಲ್ಲ. ಇದೊಂದನ್ನು ಬರೆಯದೆ ತಪ್ಪಿಸಿಕೊಳ್ಳಬಹುದೇ ಅಂತ ಇಷ್ಟೂ ಪುಟ ಬರೆದೆ.

ಆ ವಾರದ ಗುರುವಾರ ನೀವು ಅಂಗಡಿಗೆ ಹೋದ ಮೇಲೆ ನಿಮ್ಮ ಹಳೆಯ ರಸೀದಿಯೊಂದನ್ನು ಕಿಟಕಿಯ ಗಾಜಿಗೆ ಹಿಡಿದು, ಅದರ ಮೇಲೆ ಒಪ್ಪಿಗೆ ಪತ್ರ ಇಟ್ಟು, ಬಟ್ಟೆಗೆ ನಕ್ಷೆ ಇಳಿಸುವ ಹಾಗೆ ನಿಮ್ಮ ಸಹಿ ಇಳಿಸಿದವಳು ನಾನು. ಅಪ್ಪ ಒಪ್ಪಿದರು ಅಂತ ಹೇಳಿ ಕಡ್ಡಿಯ ಕೈಗೆ ಕೊಟ್ಟೆ. ಅವನು ಕೊನೆಯವರೆಗೂ ಹಾಗೇ ನಂಬಿದ್ದ. ಎಲ್ಲ ಗೆರೆಯೂ ನಿಮ್ಮದರಂತೆಯೇ ಬಂದಿತ್ತು, ಮುಗಿಸುವಾಗ ಮಾತ್ರ ಕೈ ತಾನಾಗಿ ಹಿಂದಕ್ಕೆ ಒಂದು ಸುತ್ತು ಹಾಕಿಬಿಟ್ಟಿತು. ಶನಿವಾರ ಭೂತಗನ್ನಡಿಯಲ್ಲಿ ನೀವು ನೋಡಿದ್ದು ಅದನ್ನೇ. ಇಪ್ಪತ್ತು ವರ್ಷದಿಂದ ನಿಮ್ಮ ಪ್ರತಿಯೊಂದು ಅಂಗಿಯ ಕಾಲರಿನ ಹಿಂದೆ ಇರುವ ಸುತ್ತು, ನಿಮಗೆ ಗೊತ್ತಾಗದೆ ಇರುತ್ತದೆಯೇ.

ಇದು ನನ್ನ ಸಹಿಯಲ್ಲ ಅಂತ ಒಂದು ಮಾತು ಇಲಾಖೆಗೆ ಹೇಳಿದ್ದರೆ ನಾನು ಜೈಲಿಗೆ ಹೋಗುತ್ತಿದ್ದೆ, ಅವನು ಮನೆಗೆ ಬರುತ್ತಿದ್ದ. ಯಾಕೆ ಹೇಳಲಿಲ್ಲ? ನನಗೆ ನಿಮ್ಮ ಮೇಲೆ ಇರುವ ನಿಜವಾದ ಸಿಟ್ಟು ಇದೊಂದೇ. ಮಿಕ್ಕದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ಎಳೆದದ್ದು. ಬೀದಿಯವರೆಲ್ಲ ಬಯ್ಯುವಾಗ, ಮಗ ಕೈ ಹಿಡಿದು ಉಪಕಾರ ನೆನೆಯುವಾಗ, ಮೆಟ್ಟಿಲ ಮೇಲೆ ಕೂತಾಗ, ಒಂದು ಸಲವಾದರೂ ಬಾಯಿ ಬಿಡಬಾರದಿತ್ತೇ?

ನಿಮ್ಮ ಗೆರೆಯನ್ನು ಖಾಲಿ ಬಿಟ್ಟು ಯಾಕೆ ಕಳಿಸಿದಿರಿ ಅಂತ ಬೆಳಗ್ಗೆಯೇ ಅರ್ಥವಾಗಿತ್ತು. ತುಂಬಿದ್ದೇನೆ. ಮೊದಲು ನನ್ನದು ಹಾಕಿದೆ, ಆಮೇಲೆ ನಿಮ್ಮದು, ಸುತ್ತು ಸಮೇತ. ಈ ಸಲ ಗಾಜಿಗೆ ಹಿಡಿಯಬೇಕಾಗಲಿಲ್ಲ. ಗುಮಾಸ್ತನಿಗೆ ಕೊಡಿ, ತಾಳೆಯಾಗುತ್ತದೆ. ಫಾರಂ ಜೊತೆ ಈ ಕಾಗದವನ್ನೂ ಕೊಡಬೇಕು ಅನ್ನಿಸಿದರೆ ಅದನ್ನೂ ಕೊಡಿ, ನಾನು ಬೇಡ ಅನ್ನುವುದಿಲ್ಲ.

ಪೆಟ್ಟಿಗೆಯ ಬೀಗಕ್ಕೆ ಇದ್ದ ಒಂದೇ ಕೈ ಅವನ ಜೇಬಿನಲ್ಲಿ ಹೋಯಿತು. ಅದನ್ನು ಯಾರೂ ಒಡೆಯುವುದು ಬೇಡ. ನೀವು ಸಾಮಾನು ತೆಗೆದುಕೊಂಡು ಮನೆಗೆ ಬಂದು ತೆಗೆಯಿರಿ. ನಿಮ್ಮ ಅಕ್ಕನನ್ನು ಮೇಲೆ ಕರೆದು ಅದೇ ಕುರ್ಚಿಯಲ್ಲಿ ಕೂರಿಸಿರುತ್ತೇನೆ, ಅವರ ಎದುರಿಗೆ ನಾನು ಹೇಳುವುದಿದೆ. ಹೇಳಿ ಮುಗಿಸಿದ ಮೇಲೆ ಬಯ್ಯಿರಿ, ಏನು ಬೇಕಾದರೂ ಅನ್ನಿ. ಗೋಡೆಯ ಹಾಗೆ ಮಾತ್ರ ನಿಲ್ಲಬೇಡಿ.